ಹಳದಿ ಲೇಪನ ಬಿಡಬೇಕೇ, ಘಟಕವನ್ನೇ ಬಿಡಬೇಕೇ?

ಪ್ರಶ್ನೆ

ಅಪ್ಪ ಕಟ್ಟಿದ ಸಣ್ಣ ಪ್ಲೇಟಿಂಗ್ ಘಟಕವನ್ನು ಮೂರು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಬೋಲ್ಟು, ನಟ್ಟು, ಬ್ರಾಕೆಟ್‌ಗಳಿಗೆ ಸತುವಿನ ಲೇಪನ ಹಾಕಿ ಅದರ ಮೇಲೆ ತುಕ್ಕು ತಡೆಯುವ ಹಳದಿ ಕ್ರೋಮೇಟ್ ಪೊರೆ ಕೊಡುವುದು ನಮ್ಮ ಮುಖ್ಯ ಕೆಲಸ. ಮೂಲೆಯಲ್ಲಿ ಹಾರ್ಡ್ ಕ್ರೋಮ್‌ನ ಒಂದು ಟ್ಯಾಂಕೂ ಇದೆ; ಸವೆತ ತಡೆಯಲು ಗಟ್ಟಿ ಕ್ರೋಮಿಯಂ ಲೇಪನ ಕೊಡುವುದು ಅದರಲ್ಲಿ.

ಕಳೆದ ತಿಂಗಳು ಒಂದೇ ವಾರದಲ್ಲಿ ಎರಡು ಪತ್ರ ಬಂದವು. ನಮಗೆ ಅರ್ಧದಷ್ಟು ಕೆಲಸ ಕೊಡುವ ಗ್ರಾಹಕರು, ನಿಮ್ಮ ಲೇಪನದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇಲ್ಲ ಎಂಬ ಘೋಷಣೆಗೆ ಸಹಿ ಹಾಕಿ ಕಳುಹಿಸಿ ಎಂದು ಕೇಳಿದ್ದಾರೆ. ಅದು ಕ್ರೋಮಿಯಂನ ವಿಷಕಾರಿ ರೂಪ, ನಮ್ಮ ಹಳದಿ ಪೊರೆಯಲ್ಲಿ ಇರುವುದೇ ಅದು. ಎರಡನೆಯದು ಮಾಲಿನ್ಯ ನಿಯಂತ್ರಣದವರದು: ತ್ಯಾಜ್ಯನೀರಿನ ಮಾದರಿಯಲ್ಲಿ ಕ್ರೋಮಿಯಂ ಮಿತಿ ಮೀರಿದೆ. ಲೆಕ್ಕಪತ್ರ ನೋಡುವವರು "ಒಂದು ಚಿಕ್ಕ ಸಂಸ್ಕರಣಾ ಘಟಕ ಹಾಕಿಸಿ, ಸಹಿ ಹಾಕಿ, ಮುಂದೆ ನಡೆಯಿರಿ" ಎನ್ನುತ್ತಾರೆ. ಅಪ್ಪ, ಇಂಥ ಪತ್ರಗಳನ್ನು ಎಷ್ಟೋ ನೋಡಿದ್ದೇನೆ ಎನ್ನುತ್ತಾರೆ. ಇದನ್ನು ಒಂದು ಖರ್ಚು ಎಂದು ಬರೆದು ಮುಗಿಸುವುದೋ, ವ್ಯವಹಾರದ ದಾರಿಯನ್ನೇ ಬದಲಿಸುವುದೋ ತಿಳಿಯುತ್ತಿಲ್ಲ. ಇಂಥ ಒತ್ತಡ ಎದುರಿಸಿದವರು ಏನು ಮಾಡಿದಿರಿ, ಎಲ್ಲಿ ಎಡವಿದಿರಿ?

ಪ್ಲೇಟಿಂಗ್‌ನಲ್ಲೇ ಇಪ್ಪತ್ತೆರಡು ವರ್ಷ ಕಳೆದವರು

ಮೇಡಂ, ಆ ಎರಡು ಪತ್ರಗಳನ್ನು ಒಂದೇ ಫೈಲಿಗೆ ಹಾಕಬೇಡಿ. ನಾನು ಹಾಕಿದ್ದೆ, ಒಂದೂವರೆ ವರ್ಷ ಹಾಳಾಯಿತು. ಎರಡಕ್ಕೂ ಮದ್ದು ಒಂದೇ ಎಂದುಕೊಂಡು ದೊಡ್ಡ ಸಂಸ್ಕರಣಾ ಘಟಕಕ್ಕೆ ಸಾಲ ಮಾಡಿದೆ. ಹೊರಗೆ ಹೋಗುವ ನೀರು ಶುದ್ಧವಾಯಿತು, ಒಳಗೆ ಬರುವ ಕೆಲಸ ನಿಂತಿತು. ಗ್ರಾಹಕರಿಗೆ ಬೇಕಿದ್ದದ್ದು ನನ್ನ ನೀರಲ್ಲ, ನನ್ನ ಬೋಲ್ಟು.

ಮೊದಲ ಪತ್ರ ಸರಕಿನ ಮೇಲಿನ ಕಾನೂನಿನಿಂದ ಹುಟ್ಟಿದ್ದು. ಐರೋಪ್ಯ ಒಕ್ಕೂಟದ ರೋಹ್ಸ್ ನಿರ್ದೇಶನ 2006ರ ಜುಲೈ 1ರಿಂದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಧನಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಶೇ. 0.1ಕ್ಕೆ ಮಿತಿಗೊಳಿಸಿದೆ. ಇಲ್ಲಿ ಎಡವುವವರೇ ಹೆಚ್ಚು. ಈ ಶೇಕಡಾವಾರು ಇಡೀ ಬೋಲ್ಟಿನ ತೂಕಕ್ಕೆ ಅಲ್ಲ, ಬೇರ್ಪಡಿಸಬಹುದಾದ ಒಂದೊಂದು ಪದರಕ್ಕೆ ಪ್ರತ್ಯೇಕವಾಗಿ ಅನ್ವಯಿಸುತ್ತದೆ. "ಅಷ್ಟು ತೆಳ್ಳಗಿನ ಹಳದಿ ಪೊರೆಯಲ್ಲಿ ಏನು ಮಹಾ ಇರುತ್ತದೆ" ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ವಾಹನಗಳ ಭಾಗಗಳಿಗೂ ಐರೋಪ್ಯ ಒಕ್ಕೂಟದಲ್ಲಿ ತುಕ್ಕುನಿರೋಧಕ ಲೇಪನದ ಈ ದಾರಿ ಬಹುಪಾಲು 2007ರ ಜುಲೈಯಲ್ಲೇ ಮುಚ್ಚಿತು. ನಿಮ್ಮ ಗ್ರಾಹಕರು ಎಲ್ಲಿಯೇ ಇರಲಿ, ಅವರ ಗ್ರಾಹಕರ ಗ್ರಾಹಕರು ಆ ಮಾರುಕಟ್ಟೆಗೆ ಸರಕು ಕಳುಹಿಸುತ್ತಿದ್ದರೆ ಕಾಗದ ಸುತ್ತಿ ಬಳಸಿ ನಿಮ್ಮ ಮೇಜಿಗೇ ಬರುತ್ತದೆ.

ಹಾರ್ಡ್ ಕ್ರೋಮ್ ಕಥೆ ಬೇರೆ. ಆ ಟ್ಯಾಂಕಿನ ದ್ರಾವಣ ಹೆಕ್ಸಾವೇಲೆಂಟ್ ನಿಜ, ಆದರೆ ಸರಕಿನ ಮೇಲೆ ಕೂರುವುದು ಲೋಹರೂಪದ ಕ್ರೋಮಿಯಂ. ಚೆನ್ನಾಗಿ ತೊಳೆದ ಸರಕಿಗೆ ಮೊದಲ ಪತ್ರದಿಂದ ತೊಂದರೆಯಿಲ್ಲ. ಅದನ್ನು ಹಿಡಿಯುವುದು ಪ್ರಕ್ರಿಯೆಯ ಮೇಲಿನ ಕಾನೂನು. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್ 21ರ ಬಳಿಕ ಆ ದ್ರಾವಣಕ್ಕೆ ಹಾಕುವ ಕ್ರೋಮಿಯಂ ಟ್ರೈಆಕ್ಸೈಡ್ ಬಳಸಲು ವಿಶೇಷ ಅನುಮತಿ ಬೇಕಾಯಿತು. ಆ ಪದಾರ್ಥ ಕ್ಯಾನ್ಸರ್‌ಕಾರಕ, ಅದರ ಬಗ್ಗೆ ನಿಯಮ ಸಡಿಲವಾಗುತ್ತದೆ ಎಂದು ನಂಬಿ ಕೂರಬೇಡಿ.

ಹಳದಿ ಬಿಟ್ಟು, ಕ್ರೋಮಿಯಂನ ಕಡಿಮೆ ವಿಷದ ರೂಪ ಬಳಸುವ ಟ್ರೈವೇಲೆಂಟ್ ಪ್ಯಾಸಿವೇಶನ್‌ಗೆ ಬಂದಾಗ ಆದದ್ದನ್ನೂ ಹೇಳುತ್ತೇನೆ. ರಾಸಾಯನಿಕ ಮಾರುವವರು "ಟ್ಯಾಂಕಿನಲ್ಲಿದ್ದದ್ದನ್ನು ತೆಗೆದು ಇದನ್ನು ಸುರಿಯಿರಿ, ಅಷ್ಟೇ" ಎನ್ನುತ್ತಾರೆ. ಅಷ್ಟೇ ಅಲ್ಲ. ಹಳೆಯ ದ್ರಾವಣ ಒರಟು ಸ್ವಭಾವದ್ದು, ಏನು ಬಿದ್ದರೂ ಸಹಿಸಿಕೊಳ್ಳುತ್ತಿತ್ತು. ಹೊಸದು ಹಾಗಲ್ಲ. ಕೈಜಾರಿ ತಳಕ್ಕೆ ಬಿದ್ದ ನಾಲ್ಕು ಬೋಲ್ಟುಗಳ ಕಬ್ಬಿಣ ಕರಗಿದರೂ ಬಣ್ಣ ಕೆಡುತ್ತದೆ, ತುಕ್ಕು ತಡೆಯುವ ಶಕ್ತಿ ಇಳಿಯುತ್ತದೆ. ಪಿಎಚ್ ಅನ್ನು ದಿನಕ್ಕೆ ಹಲವು ಸಲ ನೋಡಬೇಕು. ಬಣ್ಣ ನೋಡಿಯೇ "ಆಯಿತು, ಎತ್ತು" ಎನ್ನುತ್ತಿದ್ದ ನಮ್ಮ ಹಿರಿಯ ಕೆಲಸಗಾರರ ಕಣ್ಣಿನ ಅಂದಾಜು ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು. ಅವರಿಗೆ ಆದ ನೋವು ನನಗೆ ತಟ್ಟಿದ್ದು ಬಹಳ ತಡವಾಗಿ. ಇನ್ನೊಂದು ವಿಷಯ: ಹಳದಿ ಪೊರೆಗೆ ಗೀರು ಬಿದ್ದರೆ ಅದು ತಾನೇ ಒಂದಿಷ್ಟು ಮಾಯುತ್ತಿತ್ತು. ಟ್ರೈವೇಲೆಂಟ್‌ಗೆ ಆ ಗುಣ ಕಡಿಮೆ. ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಸಾಲ್ಟ್ ಸ್ಪ್ರೇ ಪರೀಕ್ಷೆಯನ್ನು ಹೆಚ್ಚು ಗಂಟೆ ದಾಟಬೇಕಾದರೆ ಮೇಲೊಂದು ಸೀಲರ್ ಪದರ ಬೇಕಾಗಬಹುದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗ್ರಾಹಕರ ವಿನ್ಯಾಸ ವಿಭಾಗ ಕೊಡುವ ಡ್ರಾಯಿಂಗ್‌ನಿಂದ. ನಿಯಮದಂತೆ ಬಣ್ಣ ಬದಲಿಸಿ ಕಳುಹಿಸಿದ ಮೊದಲ ಲಾಟನ್ನು ಗ್ರಾಹಕರ ತಪಾಸಣೆಯವರು ಹಿಂದಕ್ಕೆ ಕಳುಹಿಸಿದರು. ಡ್ರಾಯಿಂಗ್‌ನಲ್ಲಿ "ಹಳದಿ" ಎಂದಿತ್ತು, ನಮ್ಮದು ನಸುನೀಲಿ! ಖರೀದಿ ವಿಭಾಗ ಹಳದಿ ಬೇಡ ಎನ್ನುತ್ತದೆ, ವಿನ್ಯಾಸ ವಿಭಾಗದ ಹಾಳೆ ಹಳದಿ ಬೇಕು ಎನ್ನುತ್ತದೆ. ರಾಸಾಯನಿಕ ಬದಲಿಸುವ ಮುನ್ನ ಡ್ರಾಯಿಂಗ್ ಬದಲಿಸಿ ಬರೆದು ಕೊಡಿಸಿಕೊಳ್ಳಿ.

ಎರಡನೆಯ ಪತ್ರದ ವಿಷಯದಲ್ಲಿ, ಸಂಸ್ಕರಣಾ ಘಟಕದ ಗಾತ್ರ ಲೆಕ್ಕ ಹಾಕುವ ಮೊದಲು ನೀರು ಕಡಿಮೆ ಮಾಡಿ. ಟ್ಯಾಂಕಿನಿಂದ ಎತ್ತಿದ ಸರಕನ್ನು ಅಲ್ಲೇ ಮೇಲೆ ಕೆಲವು ಸೆಕೆಂಡು ಹೆಚ್ಚು ತೊಟ್ಟಿಕ್ಕಲು ಬಿಡಿ. ತೊಳೆಯುವ ತೊಟ್ಟಿ ಒಂದಿದ್ದರೆ ಎರಡು ಮಾಡಿ, ನೀರು ಸರಕಿನ ಎದುರು ದಿಕ್ಕಿನಲ್ಲಿ ಹರಿಯಲಿ. ಬಹುಪಾಲು ನೀರು ಇದರಿಂದಲೇ ಉಳಿಯುತ್ತದೆ. ನಾನು ಇದನ್ನು ಮಾಡಿದ್ದು ದೊಡ್ಡ ಘಟಕ ಕೊಂಡ ಮೇಲೆ. ಈಗ ಅದರ ಅರ್ಧ ಸಾಮರ್ಥ್ಯ ಸುಮ್ಮನೆ ಕೂತಿದೆ.

ಒಂದು ಪ್ರಶ್ನೆ: ಆ ಮೂಲೆಯ ಹಾರ್ಡ್ ಕ್ರೋಮ್ ಟ್ಯಾಂಕಿನಿಂದ ಎಷ್ಟು ಆದಾಯ ಬರುತ್ತದೆ?

ಕೇಳಿದವರು

ಒಟ್ಟು ವಹಿವಾಟಿನ ಐದರಲ್ಲಿ ಒಂದು ಪಾಲು. ಅಪ್ಪನ ಹಳೆಯ ಗ್ರಾಹಕರು ಮೂವರೇ.

ಪ್ಲೇಟಿಂಗ್‌ನವರು

ಹಾಗಾದರೆ ನೀವು ತೀರ್ಮಾನಿಸಬೇಕಾದದ್ದು ಅದರ ಬಗ್ಗೆಯೇ. ನೀರಿನಲ್ಲಿರುವ ಹೆಕ್ಸಾವೇಲೆಂಟ್ ಅನ್ನು ನೇರವಾಗಿ ಗಸಿಯಾಗಿ ತಳಕ್ಕೆ ಇಳಿಸಲಾಗದು. ಮೊದಲು ಆಮ್ಲೀಯ ಮಾಡಿ, ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿ ಟ್ರೈವೇಲೆಂಟ್‌ಗೆ ತಂದು, ಮತ್ತೆ ಪಿಎಚ್ ಏರಿಸಿ ಇಳಿಸಬೇಕು. ಹಳದಿ ಕ್ರೋಮೇಟ್ ಬಿಟ್ಟರೆ ಆ ಮೊದಲ ಹಂತವೇ ಬೇಡ. ಆದರೆ ಹಾರ್ಡ್ ಕ್ರೋಮ್ ಉಳಿಸಿಕೊಂಡರೆ ಆ ಹಂತ, ಅದರ ರಾಸಾಯನಿಕ, ಆವಿ ಹೀರುವ ವ್ಯವಸ್ಥೆ, ಕೆಲಸಗಾರರ ಆರೋಗ್ಯ ತಪಾಸಣೆ ಎಲ್ಲವೂ ಉಳಿಯುತ್ತವೆ. ಆ ಖರ್ಚನ್ನೆಲ್ಲ ಇಡೀ ಘಟಕಕ್ಕೆ ಹಂಚದೆ ಆ ಒಂದು ಟ್ಯಾಂಕಿನ ಹೆಸರಿಗೇ ಬರೆದು ನೋಡಿ. ನಾನು ಬರೆದ ದಿನ ನನ್ನ ಟ್ಯಾಂಕು ಹತ್ತು ವರ್ಷದಿಂದ ನಷ್ಟದಲ್ಲಿತ್ತು ಎಂದು ಗೊತ್ತಾಯಿತು.

ಶೈತ್ಯಾಗಾರಗಳ ಉಪಕರಣ ಜೋಡಿಸುವವರು

ನಾನು ಹೇಳುವುದು ಒಂದೇ: ನಿಷೇಧವಾದದ್ದನ್ನು ಬಿಟ್ಟು ಹಿಡಿಯುವುದನ್ನೂ ನಾಳೆ ನಿಷೇಧಿಸುತ್ತಾರೆಯೇ ಎಂದು ನೋಡಿ. ನಮ್ಮ ಕಸುಬಿನಲ್ಲಿ ಇದು ಒಂದು ತಲೆಮಾರಿನೊಳಗೆ ಎರಡು ಸಲ ಆಯಿತು. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ ಬಂತು, ತಂಪು ಮಾಡಲು ಬಳಸುತ್ತಿದ್ದ ಆರ್-12 ಅನಿಲ ಹೋಯಿತು. ಅದರ ಜಾಗಕ್ಕೆ ಆರ್-134ಎ ಬಂತು. ಉಪಕರಣ, ಎಣ್ಣೆ, ತರಬೇತಿ ಎಲ್ಲ ಬದಲಾದವು. ಹೊಸ ಅನಿಲದಿಂದ ಓಝೋನ್‌ಗೆ ಹಾನಿಯಿಲ್ಲ, ಆದರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಶಾಖ ಹಿಡಿದಿಡುತ್ತದೆ. ಆ ಮಾತು ಗುಟ್ಟಾಗಿರಲಿಲ್ಲ, ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. 2016ರಲ್ಲಿ ರುವಾಂಡದ ಕಿಗಾಲಿಯಲ್ಲಿ ಅದೇ ಒಪ್ಪಂದಕ್ಕೆ ತಿದ್ದುಪಡಿಯಾಗಿ ಆ ಜಾತಿಯ ಅನಿಲಗಳನ್ನೂ ಇಳಿಸುತ್ತಾ ಬರಬೇಕೆಂದು ತೀರ್ಮಾನವಾಯಿತು. ನಾನು ಅಷ್ಟರಲ್ಲಿ ಎರಡನೆಯ ಸಲದ ಸಾಲ ತೀರಿಸುತ್ತಿದ್ದೆ.

ಆ ಹೊತ್ತಿಗೆ ನೇರವಾಗಿ ಪ್ರೊಪೇನ್, ಐಸೊಬ್ಯುಟೇನ್ ಕಲಿತಿದ್ದ ಕೆಲವರು ನಮಗಿಂತ ಎಷ್ಟೋ ಮುಂದಿದ್ದರು. ಅವು ಬೆಂಕಿ ಹಿಡಿಯುವ ಅನಿಲಗಳು, ಎಚ್ಚರಿಕೆ ಬೇಕು ನಿಜ. ಆದರೆ ಅವರು ಒಂದೇ ಸಲ ಹಾರಿ ದಾಟಿದರು, ನಾವು ನಡುವಿನ ಕಲ್ಲಿನ ಮೇಲೆ ಮನೆ ಕಟ್ಟಿದೆವು.

ಹಡಗು ಸಾಗಣೆ ಸಂಸ್ಥೆಯ ಖರೀದಿ ವಿಭಾಗದವರು

ಮೇಲಿನ ಮಾತಿಗೆ ಇದೂ ಸೇರಲಿ. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ಕೆಲವರು ದುಬಾರಿ ಇಂಧನಕ್ಕೆ ಹೋದರು, ಕೆಲವರು ಹಳೆಯ ಇಂಧನವನ್ನೇ ಉರಿಸಿ ಹೊಗೆಯನ್ನು ಸಮುದ್ರದ ನೀರಿನಿಂದ ತೊಳೆಯುವ ಸ್ಕ್ರಬ್ಬರ್ ಹಾಕಿಸಿದರು. ತೊಳೆದ ನೀರು ಎಲ್ಲಿಗೆ? ಮತ್ತೆ ಸಮುದ್ರಕ್ಕೆ. ಹಲವು ಬಂದರುಗಳು ಅದನ್ನೇ ನಿಷೇಧಿಸಿದವು. ಗಾಳಿಯ ಕೊಳೆಯನ್ನು ನೀರಿಗೆ ಹಾಕುವ ಉಪಾಯಕ್ಕೆ ಆಯುಷ್ಯ ಕಡಿಮೆ. ನಿಮ್ಮಲ್ಲಿ ನೀರಿನಿಂದ ತೆಗೆದ ಕ್ರೋಮಿಯಂ ಗಸಿಯಾಗಿ ಚೀಲ ಸೇರುತ್ತದೆ. ಆ ಗಸಿಯನ್ನು ಯಾರು, ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನು ಈಗಲೇ ಕೇಳಿಕೊಳ್ಳಿ.

ವಕೀಲರು

ಲೆಕ್ಕಪತ್ರದವರ "ಸಹಿ ಹಾಕಿ ಮುಂದೆ ನಡೆಯಿರಿ" ಎಂಬ ಮಾತು ಓದಿ ಎದೆ ಧಸಕ್ಕೆಂದಿತು. ಹಳದಿ ಕ್ರೋಮೇಟ್ ಹಾಕುತ್ತಲೇ "ಇಲ್ಲ" ಎಂದು ಸಹಿ ಹಾಕಿದರೆ ಅದು ಸುಳ್ಳು ಘೋಷಣೆ. ಪ್ರಶ್ನೆ ಪರಿಸರದ್ದಾಗಿ ಉಳಿಯದು, ವಂಚನೆಯದಾಗುತ್ತದೆ. ಪರೀಕ್ಷಾ ವರದಿಯಿಲ್ಲದೆ ಸಹಿ ಬೇಡ. ಸಹಿ ಹಾಕುವಾಗಲೂ ಯಾವ ಭಾಗ, ಯಾವ ಲಾಟು, ಯಾವ ದಿನಾಂಕದಿಂದ ಎಂದು ಬರೆಯಿರಿ. "ನಮ್ಮ ಎಲ್ಲ ಉತ್ಪನ್ನಗಳು, ಯಾವಾಗಲೂ" ಎಂಬ ಸಾಲನ್ನು ಹೊಡೆದುಹಾಕಿ. ಮರಳಿ ಪಡೆದ ಸರಕಿನ ಇಡೀ ನಷ್ಟವನ್ನು ನೀವೇ ಭರಿಸುತ್ತೀರಿ ಎಂಬ ಷರತ್ತಿದ್ದರೆ ಅದಕ್ಕೊಂದು ಗರಿಷ್ಠ ಮಿತಿ ಕೇಳಿ. ಅವರು ಕೊಡುವುದಿಲ್ಲ ಎಂದು ಹೇಳಬಹುದು, ಕೇಳಿದ್ದಕ್ಕೆ ಯಾರೂ ಕೆಲಸ ಕಿತ್ತುಕೊಂಡದ್ದನ್ನು ನಾನು ನೋಡಿಲ್ಲ.

ಗ್ರಾಹಕರು ಇಷ್ಟು ಕಟ್ಟುನಿಟ್ಟು ಏಕೆ ಎಂದರೆ, 2001ರಲ್ಲಿ ನೆದರ್ಲೆಂಡ್ಸ್ ಅಧಿಕಾರಿಗಳು ಸೋನಿಯ ಸುಮಾರು 13 ಲಕ್ಷ ಪ್ಲೇಸ್ಟೇಷನ್ ಆಟದ ಯಂತ್ರಗಳನ್ನು ತಡೆಹಿಡಿದರು. ತಪ್ಪು ಯಂತ್ರದ ಮಿದುಳಿನಲ್ಲಿ ಇರಲಿಲ್ಲ, ಕೇಬಲ್‌ನ ಕ್ಯಾಡ್ಮಿಯಂನಲ್ಲಿ ಇತ್ತು. ಎಲ್ಲಿಂದಲೋ ಕೊಂಡ ಒಂದು ತಂತಿ ಹಬ್ಬದ ಮುನ್ನದ ಮಾರಾಟವನ್ನು ನಿಲ್ಲಿಸಬಹುದು ಎಂದು ತಿಳಿದ ಮೇಲೆ ದೊಡ್ಡ ಕಂಪನಿಗಳು ಸರಪಳಿಯ ಕೊನೆಯ ಕೊಂಡಿಯವರೆಗೂ ಕೈ ಹಾಕಿ ನೋಡತೊಡಗಿದವು. ಆ ಕೊನೆಯ ಕೊಂಡಿ ನೀವು.

ಇನ್ನೊಂದು ಮಾತು. ಘಟಕವನ್ನು ಮಾರುವ ಯೋಚನೆ ಬಂದರೆ ಮೊದಲು ಟ್ಯಾಂಕಿನ ಕೆಳಗಿನ ಮಣ್ಣು ಪರೀಕ್ಷಿಸಿ. ಅಮೆರಿಕದ 1980ರ ಸೂಪರ್‌ಫಂಡ್ ಕಾನೂನು ನೆಲ ಕೆಡಿಸಿದವರನ್ನು ಮಾತ್ರವಲ್ಲ, ಈಗಿನ ಒಡೆಯರನ್ನೂ ಹೊಣೆ ಮಾಡುತ್ತದೆ, ಕೆಡಿಸಿದ ಕಾಲ ಕಾನೂನಿಗಿಂತ ಹಿಂದಿನದಾದರೂ ಸರಿ. ಎಲ್ಲ ದೇಶಗಳಲ್ಲೂ ಇಷ್ಟು ಬಿಗಿಯಿಲ್ಲ. ಆದರೆ ಕೊಳ್ಳುವವರೂ ಬ್ಯಾಂಕಿನವರೂ ಈಗ ಕಟ್ಟಡಕ್ಕಿಂತ ಮೊದಲು ಮಣ್ಣಿನ ವರದಿ ಕೇಳುತ್ತಾರೆ. ನನ್ನ ಕಕ್ಷಿದಾರರೊಬ್ಬರು ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಘಟಕವೊಂದನ್ನು ಕೊಂಡು, ನೆಲದಡಿಯ ಟ್ಯಾಂಕು ತೆಗೆಸಲು ಕೊಂಡ ಬೆಲೆಗಿಂತ ಹೆಚ್ಚು ತೆತ್ತರು.

ಬಣ್ಣದ ಲೇಪನದ ಘಟಕ ಮುಚ್ಚಿದವರು

ನೋಡಮ್ಮ, ನನ್ನದು ಅಪಸ್ವರ. ಬೇಸರ ಮಾಡಿಕೊಳ್ಳಬೇಡ. "ಒತ್ತಡವೇ ಅವಕಾಶ" ಎಂದು ಹೇಳುವ ಸಲಹೆಗಾರರು ನಿನ್ನ ಬಳಿಗೂ ಬರುತ್ತಾರೆ. ಅಮೆರಿಕದ ವ್ಯವಹಾರ ತಜ್ಞ ಮೈಕೆಲ್ ಪೋರ್ಟರ್ 1991ರಲ್ಲಿ ಮಂಡಿಸಿದ ವಾದ ಅವರ ಬಾಯಲ್ಲಿ ಇರುತ್ತದೆ: ಸರಿಯಾಗಿ ರೂಪಿಸಿದ ಬಿಗಿ ನಿಯಮ ಕಂಪನಿಯನ್ನು ಹೊಸ ದಾರಿ ಹುಡುಕುವಂತೆ ಮಾಡಿ ಲಾಭವನ್ನೂ ತರಬಹುದು ಎಂದು. 3ಎಂ ಕಂಪನಿ 1975ರಲ್ಲೇ "ಮಾಲಿನ್ಯ ತಡೆದರೆ ಲಾಭ" ಎಂಬ ಕಾರ್ಯಕ್ರಮ ಶುರು ಮಾಡಿದ್ದನ್ನೂ ಹೇಳುತ್ತಾರೆ. ಸುಳ್ಳಲ್ಲ. ಆದರೆ 3ಎಂ ಬಳಿ ಪ್ರಯೋಗಾಲಯಗಳಿದ್ದವು, ನನ್ನ ಬಳಿ ಇಬ್ಬರು ಹುಡುಗರು ಮತ್ತು ಒಂದು ಸ್ಪ್ರೇ ಗನ್ ಇತ್ತು.

ನಿಯಮ ಪಾಲನೆಯ ಖರ್ಚಿನಲ್ಲಿ ಬಹುಪಾಲು ಸ್ಥಿರ ಖರ್ಚು. ಮಾಪಕ, ದಾಖಲೆ, ಪರೀಕ್ಷೆ, ಅನುಮತಿ: ನೂರು ಬೋಲ್ಟಿಗೂ ಅಷ್ಟೇ, ಲಕ್ಷ ಬೋಲ್ಟಿಗೂ ಹೆಚ್ಚುಕಡಿಮೆ ಅಷ್ಟೇ. ದೊಡ್ಡವರು ಅದನ್ನು ಹಂಚಿ ಕರಗಿಸುತ್ತಾರೆ, ಸಣ್ಣವರು ನುಂಗಬೇಕು. ದ್ರಾವಕದ ಬಣ್ಣ ಬಿಟ್ಟು, ಪುಡಿ ಸಿಂಪಡಿಸಿ ಒಲೆಯಲ್ಲಿ ಕಾಯಿಸುವ ಪೌಡರ್ ಕೋಟಿಂಗ್‌ಗೆ ಬರಲು ನಾನು ಲೆಕ್ಕ ಹಾಕಿದೆ. ಒಲೆ ತುಂಬುವಷ್ಟು ಕೆಲಸ ನನಗಿರಲಿಲ್ಲ. ಪಕ್ಕದ ಇಬ್ಬರನ್ನು ಕರೆದು ಮೂವರೂ ಸೇರಿ ಒಂದೇ ಒಲೆ ಹಾಕೋಣ ಎಂದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಆರು ತಿಂಗಳು ಯೋಚಿಸಿದರು. ಅಷ್ಟರಲ್ಲಿ ನನ್ನ ಅನುಮತಿಯ ಅವಧಿ ಮುಗಿಯಿತು. ಮುಚ್ಚಿದೆ. ಈಗ ಬೇರೆಯವರಿಂದ ಲೇಪನ ಮಾಡಿಸಿ ತಪಾಸಣೆ ಮಾಡಿ ಗ್ರಾಹಕರಿಗೆ ಕೊಡುತ್ತೇನೆ. ಆದಾಯ ಕಡಿಮೆ, ನಿದ್ದೆ ಹೆಚ್ಚು. ಆದರೂ ಹೊರಗೆ ಮಾಡಿಸಿದರೆ ಹೊಣೆಯೂ ಹೊರಗೆ ಹೋಯಿತು ಎಂದುಕೊಳ್ಳಬೇಡ. ಘೋಷಣೆಯ ಮೇಲೆ ಈಗಲೂ ನನ್ನದೇ ಸಹಿ, ವರ್ಷಕ್ಕೆರಡು ಬಾರಿ ಅವರ ಘಟಕಕ್ಕೆ ಹೋಗಿ ಗಸಿಯ ರಸೀದಿ ನೋಡಿ ಬರುತ್ತೇನೆ. ಹಾರ್ಡ್ ಕ್ರೋಮ್‌ನ ಆ ಮೂವರು ಗ್ರಾಹಕರನ್ನು ನೀನೂ ಹೀಗೆ ಉಳಿಸಿಕೊಳ್ಳಬಹುದಲ್ಲವೇ?

ಕೇಳಿದವರು, ಮೂರು ವಾರಗಳ ಬಳಿಕ

ಎಲ್ಲರಿಗೂ ಕೃತಜ್ಞತೆ. ಸಹಿ ಹಾಕಿಲ್ಲ. ಬದಲಿಗೆ ಗ್ರಾಹಕರ 31 ಡ್ರಾಯಿಂಗ್‌ಗಳನ್ನು ತರಿಸಿ ಓದಿದೆ. 14ರಲ್ಲಿ ಇನ್ನೂ "ಹಳದಿ" ಎಂದೇ ಇದೆ. ಅದನ್ನು ತೋರಿಸಿದಾಗ ಅವರ ಖರೀದಿ ವಿಭಾಗದವರೇ ತಬ್ಬಿಬ್ಬಾದರು. ತಿದ್ದಲು ನಾಲ್ಕು ತಿಂಗಳು ಬೇಕೆಂದರು, ಘೋಷಣೆಗೂ ಅಷ್ಟೇ ಸಮಯ ಸಿಕ್ಕಿತು. ಆ ಸಮಯದಲ್ಲಿ ಒಂದು ಟ್ಯಾಂಕನ್ನು ಟ್ರೈವೇಲೆಂಟ್‌ಗೆ ತರುತ್ತೇನೆ. ತೊಳೆಯುವ ತೊಟ್ಟಿಯನ್ನು ಎರಡು ಭಾಗ ಮಾಡಿಸಿದ್ದಾಗಿದೆ. ಅದಕ್ಕೆ ಒಂದು ತಗಡು, ಒಂದು ದಿನದ ವೆಲ್ಡಿಂಗ್ ಸಾಕಾಯಿತು. ಹಿರಿಯ ಕೆಲಸಗಾರರನ್ನೇ ಪಿಎಚ್ ಮಾಪಕದ ಜವಾಬ್ದಾರಿಗೆ ಹಾಕಿದ್ದೇನೆ. ಮಾಪಕ ತೋರಿಸುವ ಮೊದಲೇ ಅವರು ಅಂದಾಜು ಹೇಳುತ್ತಾರೆ, ಬಹಳ ಸಲ ಸರಿಯಾಗಿರುತ್ತದೆ.

ಹಾರ್ಡ್ ಕ್ರೋಮ್ ಟ್ಯಾಂಕಿನ ಹೆಸರಿಗೆ ಅದರ ಖರ್ಚು ಬರೆದು ಅಪ್ಪನ ಮುಂದೆ ಇಟ್ಟೆ. ಎರಡು ಸಲ ಕೂಡಿಸಿ ನೋಡಿದರು, ಏನೂ ಹೇಳಲಿಲ್ಲ. ಮರುದಿನ ತಾವೇ ಆ ಮೂವರಿಗೂ ಫೋನ್ ಮಾಡಿ, ಹೊರಗೆ ಮಾಡಿಸಿ ಕೊಟ್ಟರೆ ಆದೀತೇ ಎಂದು ಕೇಳಿದರು. ಇಬ್ಬರು ಒಪ್ಪಿದ್ದಾರೆ. ಟ್ಯಾಂಕಿನ ಕೆಳಗಿನ ಮಣ್ಣು ತೆಗೆಸಿ ಪರೀಕ್ಷಿಸುವುದಕ್ಕೆ ಮಾತ್ರ ಅಪ್ಪ ಇನ್ನೂ ಒಪ್ಪಿಲ್ಲ.