‘ಸ್ಟಾಪ್ ಟು ಸರ್ವ್’ ಅಂತ ಬರೆದು ಸಿಕ್ಕಿಬಿದ್ದೆ. ಈ ‘ಟು’ ಎಲ್ಲಿ ಹಾಕೋದು?

ತೋಟದ ಮನೆ, ಶಿರಸಿ:
ನಮ್ಮದು ಶಿರಸಿ ಹತ್ತಿರ ಸಣ್ಣ ಹೋಮ್‌ಸ್ಟೇ. ಅಡಿಕೆ ತೋಟದ ಪಕ್ಕ 3 ರೂಮು. ಬುಕಿಂಗ್ ಮೆಸೇಜನ್ನೆಲ್ಲ ನಾನೇ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ರಾತ್ರಿ 9ಕ್ಕೆ ಊಟ ಬಡಿಸೋದು ನಿಲ್ಲಿಸುತ್ತೇವೆ ಅನ್ನಬೇಕಿತ್ತು. ‘ವಿ ಸ್ಟಾಪ್ ಟು ಸರ್ವ್ ಡಿನ್ನರ್ ಅಟ್ ನೈನ್’ ಅಂತ ಹಾಕಿದೆ. ಯಾಣ ನೋಡಿಕೊಂಡು ಬಂದ 5 ಜನ ಸರಿಯಾಗಿ 9ಕ್ಕೆ ಕೈ ತೊಳೆದು ಕೂತರು! ಒಲೆ ಆರಿಸಿ ಆಗಿತ್ತು. ಉಳಿದ ಅನ್ನ, ಒಂದೆಲಗದ ತಂಬುಳಿ ನಮ್ಮ ಮಾನ ಉಳಿಸಿತು. ಹೆಂಡತಿ ಇನ್ನೂ ನಗುತ್ತಿದ್ದಾಳೆ.

‘ವಾಂಟ್ ಟು ಗೋ’ ಸರಿ, ‘ಲೆಟ್ ಮಿ ಟು ಗೋ’ ತಪ್ಪಂತೆ. ಏನಾದರೂ ಗುರುತು ಇದೆಯಾ?

ಕುಮಟಾದ ಅಕ್ಕೋರು:
ತಮ್ಮಾ, ಅವರು ಸರಿಯಾಗೇ ಓದಿದ್ದಾರೆ. ಬಡಿಸೋದನ್ನು ನಿಲ್ಲಿಸಿದರೆ ‘ಸ್ಟಾಪ್ ಸರ್ವಿಂಗ್’. ಬಡಿಸಲಿಕ್ಕೆ ಅಂತ ಬೇರೆ ಕೆಲಸ ನಿಲ್ಲಿಸಿದರೆ ‘ಸ್ಟಾಪ್ ಟು ಸರ್ವ್’. ದೇವಿಮನೆ ಘಟ್ಟದಲ್ಲಿ ಡ್ರೈವರ್ ಚಹಾ ಕುಡಿಯಲಿಕ್ಕೆ ನಿಂತರೆ ‘ಸ್ಟಾಪ್ಡ್ ಟು ಡ್ರಿಂಕ್ ಟೀ’. ಶುಗರ್ ಬಂದು ಚಹಾವನ್ನೇ ಬಿಟ್ಟರೆ ‘ಸ್ಟಾಪ್ಡ್ ಡ್ರಿಂಕಿಂಗ್ ಟೀ’. ನಮ್ಮ ‘ಲಿಕ್ಕೆ’ ಬಂದಲ್ಲಿ ಹೆಚ್ಚಾಗಿ ‘ಟು’ ಇರುತ್ತದೆ.

‘ಹೋಗಬಹುದು’, ‘ಹೋಗಬಾರದು’ ಬಿಡಿಸಿ ನೋಡಿ. ‘ಹೋಗ’ ಮಾತ್ರ ಇದೆ, ‘ಲಿಕ್ಕೆ’ ಇಲ್ಲ. ‘ಕ್ಯಾನ್ ಗೋ’, ‘ಶುಡ್ ನಾಟ್ ಗೋ’ ಕೂಡ ಹಾಗೇ, ‘ಟು’ ಬೇಡ. ‘ಹೋಗಬೇಕು’ ಮಾತ್ರ ಮೋಸ ಮಾಡುತ್ತದೆ. ‘ನಾನು ಹೋಗಬೇಕು’ ಅಂದರೆ ‘ಮಸ್ಟ್ ಗೋ’. ‘ನನಗೆ ಹೋಗಬೇಕು’ ಅಂದರೆ ‘ವಾಂಟ್ ಟು ಗೋ’. ಮಕ್ಕಳು ‘ಐ ವಾಂಟ್ ಗೋ’ ಅಂತ ಬರೆಯೋದು ಇಲ್ಲಿಂದಲೇ ಇರಬೇಕು.

‘ಲೆಟ್’ ವಿಷಯದಲ್ಲಿ ಕನ್ನಡ ಕೈಕೊಡುತ್ತದೆ. ನಾವು ‘ಹೋಗಲಿಕ್ಕೆ ಬಿಡಿ’ ಅನ್ನುತ್ತೇವೆ, ಅವರು ‘ಲೆಟ್ ಮಿ ಗೋ’ ಅನ್ನುತ್ತಾರೆ. ‘ಮೇಕ್’ಗೂ ಅಷ್ಟೇ: ‘ದೇ ಮೇಡ್ ಮಿ ವೇಟ್’. ಆದರೆ ಅದನ್ನೇ ತಿರುಗಿಸಿದರೆ ‘ಐ ವಾಸ್ ಮೇಡ್ ಟು ವೇಟ್’, ‘ಟು’ ವಾಪಸ್ ಹಾಜರ್! ಕಾರಣ ಕೇಳಬೇಡಿ, ಬಾಯಿಪಾಠ ಮಾಡಿ.

ಕಾಳಿ ಸೇತುವೆ, ಕಾರವಾರ:
ಮಾರಾಯ್ರೆ, ಮೆಸೇಜಿನ ಕೊನೆಗೆ ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಅಂತ ಹಾಕುತ್ತೀರಾ? ಆಫೀಸಿನಲ್ಲಿ ನಾನೂ ವರ್ಷಗಟ್ಟಲೆ ಹಾಗೇ ಟೈಪ್ ಮಾಡಿದ್ದೆ. ಅಲ್ಲಿ ‘ಟು’ ನಮ್ಮ ‘ಗೆ’ ಇದ್ದ ಹಾಗೆ. ಅದಕ್ಕೇ ‘ಟು ಮೀಟಿಂಗ್ ಯು’ ಆಗಬೇಕು.

ಇನ್ನೊಂದು. ಬಸ್ ಹೊರಟು ಹೋದ ಹಾಗಿದೆ ಅನ್ನಲಿಕ್ಕೆ ‘ದಿ ಬಸ್ ಸೀಮ್ಸ್ ಟು ಹ್ಯಾವ್ ಲೆಫ್ಟ್’. ಮುಗಿದು ಹೋದ ಮಾತಿಗೆ ಆ ‘ಹ್ಯಾವ್’ ಬೇಕು.

ತೋಟದ ಮನೆ, ಶಿರಸಿ:
ಅಕ್ಕೋರೆ, ‘ಸ್ಟಾಪ್ ಸರ್ವಿಂಗ್’ ಅಂತ ತಿದ್ದಿದೆ. ಕಾರವಾರದವರೆ, ನಾನೂ ‘ಟು ಮೀಟ್’ ಗಿರಾಕಿಯೇ, ಅದನ್ನೂ ತಿದ್ದಿದೆ. ಈಗ ಹೆಂಡತಿಯ ತಕರಾರು ಬೇರೆ: ಯಾಣದಿಂದ ಬರುವವರು ಹೇಗೂ ತಡ ಮಾಡುತ್ತಾರೆ, ‘ನೈನ್’ ತೆಗೆದು ‘ಟೆನ್’ ಹಾಕಿ ಅಂತ.