ಸಹಾಯ ಬೇಕು: ತಡಿಯಂಡಮೋಳ್ ಚಾರಣಕ್ಕೆ ಆರು ರಕ್‌ಸ್ಯಾಕ್
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಸಂಘದ 14 ಮಕ್ಕಳನ್ನು ಕಕ್ಕಬ್ಬೆಯಿಂದ ನಾಲ್ಕುನಾಡು ಅರಮನೆ ದಾಟಿ ತಡಿಯಂಡಮೋಳ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಬೆಟ್ಟದ ಮೇಲೆ ಟೆಂಟ್ ಹಾಕುವುದಿಲ್ಲ, ಎರಡು ರಾತ್ರಿಯೂ ಕೆಳಗೆ ತೋಟದ ಮನೆ ಅಂಗಳದಲ್ಲೇ ಕ್ಯಾಂಪ್.

ತೊಂದರೆ ಇರುವುದು ಬ್ಯಾಗಿನದು. ಹೋದ ವಾರ ಅಭ್ಯಾಸಕ್ಕೆ ನಡೆದಾಗ ಒಬ್ಬ ಹುಡುಗಿಯ ಸ್ಕೂಲ್ ಬ್ಯಾಗಿನ ಪಟ್ಟಿ ಕಿತ್ತು ಬಂತು, ಪಾಪ, ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡೇ ನಡೆದಳು, ವಾಪಸ್ ಬರುವಷ್ಟರಲ್ಲಿ ಭುಜದ ಮೇಲೆ ಕೆಂಪು ಬರೆ ಎದ್ದಿತ್ತು. ನೋಡಿ ಸಂಕಟ ಆಯ್ತು. ರಕ್‌ಸ್ಯಾಕ್, ಅಂದರೆ ಚಾರಣದ ದೊಡ್ಡ ಬೆನ್ನಿನ ಬ್ಯಾಗಿನಲ್ಲಿ ಸೊಂಟದ ಬೆಲ್ಟ್ ಇದ್ದರೆ ಭಾರ ಜಾಸ್ತಿ ಸೊಂಟಕ್ಕೆ ಇಳಿಯುತ್ತದೆ ಅಲ್ವಾ?

40–50 ಲೀಟರ್ ರಕ್‌ಸ್ಯಾಕ್ ಮನೆಯಲ್ಲಿ ಸುಮ್ನೆ ಬಿದ್ದಿದ್ದರೆ ಮೂರು ದಿನಕ್ಕೆ ಕೊಡಿ. ಹಳೆಯದಾದರೂ ಸರಿ. ಮಡಿಕೇರಿ, ವಿರಾಜಪೇಟೆ ಕಡೆಯಾದರೆ ನಾವೇ ಬಂದು ತೆಗೆದುಕೊಳ್ಳುತ್ತೇವೆ, ಒಗೆದು ಒಣಗಿಸಿ ವಾಪಸ್ ಕೊಡುತ್ತೇವೆ.