ಓದುಗರ ಸ್ಪಂದನ: ಬೀದಿಗೆ ಮರಳಿದವನ ಫೋಟೊ ಹಾಕಬೇಕೇ?

ಶಿಡ್ಲಘಟ್ಟದ ತಾಯಿಯೊಬ್ಬರ ಪತ್ರ ಹೋದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸಿನಲ್ಲಿ ಶಿಕ್ಷೆ ಮುಗಿಸಿದ ಒಬ್ಬ ಅವರ ಬೀದಿಯಲ್ಲೇ ಇರುವ ತನ್ನ ತಾಯಿಯ ಮನೆಗೆ ವಾಪಸ್ ಬಂದಿದ್ದಾನೆ. ಹತ್ತಿರದ ರೇಷ್ಮೆ ರೀಲಿಂಗ್ ಘಟಕದಲ್ಲಿ ಕೆಲಸಕ್ಕೂ ಸೇರಿದ್ದಾನೆ. ಬೀದಿಯ ಹುಡುಗರು ಅವನ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಲು ಹೊರಟಿದ್ದಾರೆ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರ ಒಪ್ಪಿಗೆ ಕೇಳಿದ್ದಾರೆ. ‘ನನಗೆ ಒಂಬತ್ತು ವರ್ಷದ ಮಗಳಿದ್ದಾಳೆ. ನಾನು ಒಪ್ಪಲೋ ಬೇಡವೋ? ಇಂಥವರ ಪಟ್ಟಿಯನ್ನು ಸರ್ಕಾರವೇ ಜನರ ಮುಂದೆ ಇಡಬಾರದೇ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ವಿಷಯ ಸೂಕ್ಷ್ಮವಾದದ್ದು, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. – ಸಂ.

* * *

ಕೋರ್ಟು ಶಿಕ್ಷೆ ಕೊಟ್ಟಿತು. ಅವನು ಅನುಭವಿಸಿದ. ಇನ್ನೊಂದು ಶಿಕ್ಷೆ ಕೊಡಲು ನಿಮ್ಮ ಬೀದಿಯವರಿಗೆ ಅಧಿಕಾರ ಕೊಟ್ಟವರು ಯಾರು?

– ನಿವೃತ್ತ ಶಿಕ್ಷಕ, ತಿಪಟೂರು

* * *

ಪಟ್ಟಿ ಬೇಕು. ಎಲ್ಲರಿಗೂ ಕಾಣುವ ಹಾಗೆ ಬೇಕು.

ನಮ್ಮದು ಮಳೆ ಕಾಣದ ತಾಲ್ಲೂಕು. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗುತ್ತೇವೆ. ಪೀಣ್ಯದ ಕಡೆ ವಠಾರದಲ್ಲಿ ಬಾಡಿಗೆಗೆ ಇರುತ್ತೇವೆ. ಗಂಡ ಹೆಂಡತಿ ಇಬ್ಬರೂ ಬೆಳಗ್ಗೆ ಫ್ಯಾಕ್ಟರಿಗೆ ಹೊರಟರೆ ಮಗು ಪಕ್ಕದ ಮನೆಯಲ್ಲಿ. ಪಕ್ಕದ ಮನೆಯಲ್ಲಿ ಇರುವವರು ಯಾರು, ಯಾವ ಊರಿನವರು, ಏನು ಮಾಡಿ ಬಂದವರು, ಒಂದೂ ಗೊತ್ತಿರುವುದಿಲ್ಲ. ದುಡ್ಡಿರುವವರಿಗೆ ಗೇಟಿದೆ, ವಾಚ್‌ಮನ್ ಇದ್ದಾನೆ, ಕ್ಯಾಮೆರಾ ಇದೆ. ನಮಗೇನಿದೆ?

ಸಾಲ ಕಟ್ಟದವರ ಫೋಟೊವನ್ನು ಬ್ಯಾಂಕಿನವರು ಪೇಪರಿನಲ್ಲಿ ಹಾಕುತ್ತಾರೆ. ಮಗುವನ್ನು ಹಾಳು ಮಾಡಿದವನ ಮಾನಕ್ಕೆ ಮಾತ್ರ ಇಷ್ಟು ಕಾವಲೇ? ಅಮೆರಿಕದಲ್ಲಿ ಮೊಬೈಲ್ ಒತ್ತಿದರೆ ಬೀದಿಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತಂತೆ. ಅವರ ಮಕ್ಕಳಷ್ಟೇ ಮಕ್ಕಳಾ? ಶಿಡ್ಲಘಟ್ಟದ ಅಕ್ಕ, ನೀವು ಒಪ್ಪಿಗೆ ಕೊಡಿ.

– ಇಬ್ಬರು ಹೆಣ್ಣುಮಕ್ಕಳ ತಂದೆ, ಪಾವಗಡ

* * *

ಪಾವಗಡದ ಓದುಗರ ಮಾತನ್ನೇ ಹೇಳಿದ ಪತ್ರಗಳು ಜಾಸ್ತಿ ಬಂದಿವೆ. ಅವರ ಆತಂಕ ನಿಜವಾದದ್ದು. ಅಮೆರಿಕದ ಪಟ್ಟಿಯಿಂದ ಆಗಿದ್ದೇನು ಎಂಬುದನ್ನು ವಕೀಲರೊಬ್ಬರು ಬರೆದಿದ್ದಾರೆ. – ಸಂ.

* * *

ನಮ್ಮ ದೇಶದಲ್ಲೂ ಪಟ್ಟಿ ಇದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವನ್ನು ಕೇಂದ್ರ ಗೃಹ ಸಚಿವಾಲಯ 2018ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಅದನ್ನು ನೋಡಿಕೊಳ್ಳುತ್ತದೆ. ಶುರುವಿನಲ್ಲೇ ಅದರಲ್ಲಿ 4 ಲಕ್ಷಕ್ಕೂ ಹೆಚ್ಚು ದಾಖಲೆಗಳಿದ್ದವು. ಅದು ಪೊಲೀಸರಿಗೆ ಮತ್ತು ತನಿಖೆ ಮಾಡುವವರಿಗೆ ಮಾತ್ರ ಕಾಣುತ್ತದೆ. ನಿಮಗೂ ನನಗೂ ಕಾಣುವುದಿಲ್ಲ. ಬ್ರಿಟನ್ನಿನಲ್ಲೂ 1997ರಿಂದ ಪಟ್ಟಿ ಇದೆ, ಅದನ್ನೂ ಜನರಿಗೆ ತೆರೆದಿಟ್ಟಿಲ್ಲ. ಅಲ್ಲಿ ನಿರ್ದಿಷ್ಟ ವ್ಯಕ್ತಿಯೊಬ್ಬನಿಂದ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ತಂದೆ ತಾಯಿ ಪೊಲೀಸರನ್ನು ಕೇಳಬಹುದು. ಪೊಲೀಸರು ವಿಚಾರಿಸಿ, ಅಗತ್ಯ ಕಂಡರೆ ಅವರಿಗಷ್ಟೇ ಹೇಳುತ್ತಾರೆ. ಇಂಥದ್ದೊಂದು ನಮ್ಮಲ್ಲೂ ಬರಲಿ ಅನ್ನುವುದು ನನ್ನ ಆಸೆ.

ಅಮೆರಿಕದ ಕತೆ ಬೇರೆ. 1994ರಲ್ಲಿ ನ್ಯೂಜೆರ್ಸಿಯಲ್ಲಿ ಏಳು ವರ್ಷದ ಮೇಗನ್ ಎಂಬ ಮಗುವನ್ನು ಎದುರು ಮನೆಯವನೇ ಕೊಂದ. ಅವನಿಗೆ ಅದಕ್ಕೂ ಮುಂಚೆ ಇಂಥದ್ದೇ ಕೇಸುಗಳಲ್ಲಿ ಶಿಕ್ಷೆಯಾಗಿತ್ತು. ಆ ಮಗುವಿನ ತಂದೆ ತಾಯಿ ಕೇಳಿದ ಪ್ರಶ್ನೆಯೇ ಪಾವಗಡದ ಸೋದರರ ಪ್ರಶ್ನೆ: ನಮಗೆ ಯಾಕೆ ಯಾರೂ ಹೇಳಲಿಲ್ಲ? ಆ ಸಂಕಟದಿಂದ, ಇಂಥವರ ವಿವರವನ್ನು ಜನರಿಗೆ ತಿಳಿಸಬೇಕು ಅನ್ನುವ ಮೇಗನ್ ಕಾನೂನು ಹುಟ್ಟಿತು. 1996ರಲ್ಲಿ ಇಡೀ ದೇಶಕ್ಕೆ ಬಂತು. ಈಗ ಅಲ್ಲಿನ ಪಟ್ಟಿಯಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.

ಫಲ ಏನು? ಅದೇ ನ್ಯೂಜೆರ್ಸಿಯಲ್ಲಿ ನಡೆದ ಅಧ್ಯಯನ 2008ರಲ್ಲಿ ಹೊರಬಂತು. ಮೇಗನ್ ಕಾನೂನಿನಿಂದ ಮರು ಅಪರಾಧ ಕಡಿಮೆಯಾದದ್ದು ಅದರಲ್ಲಿ ಕಾಣಲಿಲ್ಲ. 2011ರಲ್ಲಿ ಇಬ್ಬರು ಸಂಶೋಧಕರು ಹಲವು ರಾಜ್ಯಗಳ ಲೆಕ್ಕ ನೋಡಿದರು. ಪೊಲೀಸರ ಬಳಿ ಮಾತ್ರ ಇರುವ ನೋಂದಣಿಯಿಂದ ಅಪರಾಧ ಕಡಿಮೆಯಾಗುವ ಸೂಚನೆ ಸಿಕ್ಕಿತು. ಊರಿಗೆಲ್ಲ ಸಾರಿದಾಗ, ಪಟ್ಟಿಯಲ್ಲಿದ್ದವರು ಮತ್ತೆ ತಪ್ಪು ಮಾಡುವುದು ಹೆಚ್ಚಾಗುವ ಸೂಚನೆ ಕಂಡಿತು. ಮನೆ, ಕೆಲಸ, ನಂಟರು ಎಲ್ಲ ಹೋದವನಿಗೆ ಕಳೆದುಕೊಳ್ಳಲು ಏನೂ ಉಳಿದಿರುವುದಿಲ್ಲ. ಇದು ಕೋರ್ಟಿನಲ್ಲಿ ನಾನು ಕಣ್ಣಾರೆ ನೋಡುವ ಮಾತೂ ಹೌದು.

2006ರಲ್ಲಿ ಅಮೆರಿಕದ ಮೇನ್ ರಾಜ್ಯದಲ್ಲಿ ಯುವಕನೊಬ್ಬ ಈ ಪಟ್ಟಿಯ ವೆಬ್‌ಸೈಟಿನಿಂದ ವಿಳಾಸ ತೆಗೆದುಕೊಂಡು ಇಬ್ಬರ ಮನೆಗೆ ಹೋಗಿ ಗುಂಡಿಕ್ಕಿ ಕೊಂದ. ಸತ್ತ ಇಬ್ಬರಲ್ಲಿ ಒಬ್ಬನ ಅಪರಾಧ ಏನು ಗೊತ್ತೇ? ಹತ್ತೊಂಬತ್ತರ ವಯಸ್ಸಿನಲ್ಲಿ, ಇನ್ನೂ ಹದಿನಾರು ತುಂಬದ ತನ್ನ ಗೆಳತಿಯ ಜೊತೆ ಇದ್ದದ್ದು.

ಕೊನೆಯದಾಗಿ ಫ್ಲೆಕ್ಸ್ ಕಟ್ಟುವ ಹುಡುಗರಿಗೆ. ಅವನ ಫೋಟೊ ನೋಡಿದವರು ಮೊದಲು ಕೇಳುವುದೇ ‘ಹುಡುಗಿ ಯಾರು?’ ಅಂತ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಯಲಾಗುವ ಹಾಗೆ ಏನನ್ನಾದರೂ ಮುದ್ರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ 2 ವರ್ಷದವರೆಗೆ ಜೈಲು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಾಧ್ಯಮಗಳಿಗೆ ಇನ್ನೂ ಬಿಗಿ. ಮಗುವಿನ ಮನೆಯವರು, ಶಾಲೆ, ನೆರೆಹೊರೆ, ಯಾವುದರ ಸುಳಿವೂ ಹೊರಬರಬಾರದು ಅನ್ನುತ್ತದೆ. ಅಮ್ಮಾ, ನಿಮ್ಮ ಒಪ್ಪಿಗೆ ಕೊಡಬೇಡಿ.

– ವಕೀಲ, ತುಮಕೂರು

* * *

ಮನೆ ಮಾರಿ ಬೇರೆ ಕಡೆ ಹೋಗಿ. ಹೆಣ್ಣುಮಗು ಇರುವ ಮನೆ. ಇಷ್ಟು ಯೋಚನೆ ಯಾಕೆ?

– ಗೃಹಿಣಿ, ಮಾಲೂರು

* * *

ನನ್ನ ಮಗ ಇಪ್ಪತ್ತು, ಆ ಹುಡುಗಿ ಹದಿನೇಳು. ಒಂದೇ ಬಸ್ಸಿನಲ್ಲಿ ಓಡಾಡುತ್ತಿದ್ದರು. ಇಬ್ಬರೂ ಮನೆ ಬಿಟ್ಟು ಹೋದರು. ಅವರ ಮನೆಯವರು ಕಂಪ್ಲೇಂಟ್ ಕೊಟ್ಟರು. ಅಪಹರಣ, ಪೋಕ್ಸೊ ಎರಡೂ ಹಾಕಿದರು. ಅವನು ಜೈಲಿನಲ್ಲಿದ್ದು ಬೇಲ್ ಮೇಲೆ ಬಂದ. ಕೇಸು ಇನ್ನೂ ನಡೆಯುತ್ತಿದೆ. ಆ ಹುಡುಗಿಗೆ ಈಗ ಹತ್ತೊಂಬತ್ತು. ನಾನಾಗಿಯೇ ಹೋದೆ ಅಂತ ಅವಳೇ ಹೇಳುತ್ತಾಳೆ.

ತೀರ್ಪು ಬರುವ ಮೊದಲೇ ಯಾರೋ ಅವನ ಫೋಟೊ ಗ್ರೂಪಿಗೆ ಹಾಕಿ ಕೆಳಗೆ ಬರೆಯಬಾರದ್ದು ಬರೆದರು. ಅವತ್ತಿನಿಂದ ಅಂಗಡಿಯವರು ನನಗೆ ಸಾಮಾನನ್ನು ಕೈಗೆ ಕೊಡುವುದಿಲ್ಲ. ಕಟ್ಟೆ ಮೇಲೆ ಇಡುತ್ತಾರೆ. ಚಿಲ್ಲರೆಯನ್ನೂ ಅಲ್ಲೇ ಇಡುತ್ತಾರೆ.

ನಿಮ್ಮ ಬೀದಿಯವನು ನನ್ನ ಮಗನ ಥರದವನು ಅಂತ ನಾನು ಹೇಳುತ್ತಿಲ್ಲ. ಅವನು ಸಣ್ಣ ಮಗುವಿನ ಮೇಲೆ ಕೈ ಹಾಕಿದವನೇ ಆಗಿದ್ದರೆ ನನಗೂ ಅವನ ಮುಖ ನೋಡಲು ಆಗುವುದಿಲ್ಲ. ಆದರೆ ಫ್ಲೆಕ್ಸಿನಲ್ಲಿ ಇದೆಲ್ಲ ಬರೆಯುತ್ತಾರಾ? ಫೋಟೊ, ಹೆಸರು, ಪೋಕ್ಸೊ ಅಂತ ಒಂದು ಪದ. ಅಷ್ಟೇ ತಾನೇ?

– ಒಬ್ಬ ತಾಯಿ, ಗೌರಿಬಿದನೂರು

* * *

ಇಂಥ ಕೇಸುಗಳ ಬಗ್ಗೆ ಕರ್ನಾಟಕ ಹೈಕೋರ್ಟ್ 2022ರಲ್ಲಿ ಕಾನೂನು ಆಯೋಗದ ಗಮನ ಸೆಳೆದಿತ್ತು. ಸಮ್ಮತಿಯ ವಯಸ್ಸನ್ನು 18ರಿಂದ ಇಳಿಸುವುದು ಬೇಡ ಎಂದು ಆಯೋಗ 2023ರಲ್ಲಿ ಹೇಳಿತು. ಆದರೆ 16ರಿಂದ 18ರೊಳಗಿನವರ ಒಪ್ಪಿಗೆ ಕಂಡುಬಂದ ಕೇಸುಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ಅವಕಾಶ ನ್ಯಾಯಾಧೀಶರಿಗೆ ಇರಲಿ ಎಂದಿತು.

ಇನ್ನೊಂದು ಮಾತು. ಓದುಗರೊಬ್ಬರು ತಮ್ಮೂರಿನ ವ್ಯಕ್ತಿಯ ಫೋಟೊ, ವಿಳಾಸ ಕಳಿಸಿ ಪ್ರಕಟಿಸಿ ಎಂದಿದ್ದಾರೆ. ನಾವು ಅದನ್ನು ಅಳಿಸಿದ್ದೇವೆ.

ಮುಂದಿನ ಪತ್ರದಲ್ಲಿ ಒಂದಕ್ಷರವನ್ನೂ ಕತ್ತರಿಸಿಲ್ಲ. – ಸಂ.

* * *

ಶಿಡ್ಲಘಟ್ಟದ ತಂಗಿಗೆ,

ನಿನ್ನ ಪತ್ರ ಓದಿದ ಮೇಲೆ ನನಗೆ ನಿದ್ದೆ ಹೋಗಿದೆ. ಇಷ್ಟು ವರ್ಷ ಗಂಡನಿಗೂ ಪೂರ್ತಿ ಹೇಳದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಶ್ರೀನಿವಾಸಪುರದ ಕಡೆ ಹಳ್ಳಿ. ಮಾವಿನ ತೋಪು, ಕೂಡು ಕುಟುಂಬ. ನಾವು ಚಿಕ್ಕವರಿದ್ದಾಗ ‘ಚೀಲದವನು ಬರ್ತಾನೆ, ಎತ್ತಿಕೊಂಡು ಹೋಗ್ತಾನೆ’ ಅಂತ ಹೆದರಿಸುತ್ತಿದ್ದರು. ಭುಜಕ್ಕೆ ಚೀಲ ಹಾಕಿಕೊಂಡ ಯಾರನ್ನು ರಸ್ತೆಯಲ್ಲಿ ಕಂಡರೂ ನಾನು ಓಡಿ ಬಂದು ಮನೆ ಸೇರುತ್ತಿದ್ದೆ. ಮನೆಯಲ್ಲಿ ದೊಡ್ಡಪ್ಪ ಇರುತ್ತಿದ್ದರು.

ಅವರು ಊರಿಗೆ ನ್ಯಾಯ ಹೇಳುವವರು. ಯಾರ ಮನೆಯಲ್ಲಿ ಜಗಳವಾದರೂ ಅವರನ್ನೇ ಕರೆಯುತ್ತಿದ್ದರು. ಕಾಯಿ ಕೀಳುವ ಕಾಲದಲ್ಲಿ ಮನೆಯವರೆಲ್ಲ ತೋಪಿನಲ್ಲಿ ಇರುತ್ತಿದ್ದರು. ಆ ಮಧ್ಯಾಹ್ನಗಳ ಬಗ್ಗೆ ನಾನು ಇದಕ್ಕಿಂತ ಜಾಸ್ತಿ ಬರೆಯಲಾರೆ. ಈಗಲೂ ಹುಲ್ಲಿನಲ್ಲಿ ಹಣ್ಣು ಮಾಗುವ ವಾಸನೆ ಬಂದರೆ ನಾನು ಆ ಕೋಣೆಯಿಂದ ಎದ್ದು ಹೋಗುತ್ತೇನೆ. ಮನೆಯವರು ನನಗೆ ಮಾವು ಸೇರುವುದಿಲ್ಲ ಅಂದುಕೊಂಡಿದ್ದಾರೆ.

ಅಜ್ಜಿಗೆ ಹೇಳಿದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಎದ್ದು ಬಾಗಿಲು ಹಾಕಿ, ಅದೇ ಕೈಯಲ್ಲಿ ನನ್ನ ಬಾಯಿ ಮುಚ್ಚಿದರು. ‘ಇನ್ನೊಂದು ಸಲ ಈ ಮಾತು ಆಡಬೇಡ. ನಿನ್ನನ್ನು ಯಾರೂ ಮದುವೆ ಆಗಲ್ಲ’ ಅಂದರು. ಅವತ್ತಿನಿಂದ ರಾತ್ರಿ ನನ್ನನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡರು. ತೋಪಿಗೆ ಹೋದರೆ ಜೊತೆಗೆ ಕರೆದುಕೊಂಡು ಹೋದರು. ಅವರಿಗೆ ಗೊತ್ತಿದ್ದ ರಕ್ಷಣೆ ಅದೊಂದೇ. ನನ್ನ ಮದುವೆಯಲ್ಲಿ ಅದೇ ದೊಡ್ಡಪ್ಪ ಅಕ್ಷತೆ ಹಾಕಿದರು. ನಾನು ಕಾಲಿಗೆ ನಮಸ್ಕಾರ ಮಾಡಬೇಕಾಯಿತು.

ಅವರು ತೀರಿಕೊಂಡಾಗ ಊರ ಮುಂದೆ ದೊಡ್ಡ ಫ್ಲೆಕ್ಸ್ ಕಟ್ಟಿದರು. ಭಾವಪೂರ್ಣ ಶ್ರದ್ಧಾಂಜಲಿ ಅಂತ. ಬಸ್ಸು ಇಳಿದ ತಕ್ಷಣ ಕಾಣುತ್ತಿತ್ತು.

ನಿನ್ನ ಬೀದಿಯ ಹುಡುಗರು ಕಟ್ಟುವ ಫ್ಲೆಕ್ಸಿನಲ್ಲಿ ಒಬ್ಬನ ಮುಖ ಇರುತ್ತೆ, ತಂಗಿ. ಊರವರೆಲ್ಲ ಅವನೊಬ್ಬನನ್ನು ನೋಡಿಕೊಂಡರೆ ಸಾಕು ಅಂದುಕೊಳ್ಳುತ್ತಾರೆ. ನನ್ನ ದೊಡ್ಡಪ್ಪನಂಥವರು ಯಾವ ಪಟ್ಟಿಗೂ ಬರುವುದಿಲ್ಲ. ಆಗ ಪೋಕ್ಸೊ ಇರಲಿಲ್ಲ. ಇದ್ದಿದ್ದರೂ ನಮ್ಮ ಮನೆಯಿಂದ ಯಾರು ಸ್ಟೇಷನ್ನಿಗೆ ಹೋಗುತ್ತಿದ್ದರು? ಒಂದು ವೇಳೆ ಅವರ ಹೆಸರು ಪಟ್ಟಿಯಲ್ಲಿ ಬಂದು ಊರಿಗೆಲ್ಲ ಕಂಡಿದ್ದರೆ, ಆ ಮನೆಯಲ್ಲಿದ್ದ ಹೆಣ್ಣುಮಗು ನಾನೊಬ್ಬಳೇ. ನನ್ನ ಹೆಸರು ಬೇರೆ ಬರೆಯಬೇಕಿತ್ತೇ? ಹಾಗೆ ಬಯಲಾಗುತ್ತೆ ಅಂತ ಗೊತ್ತಿದ್ದರೆ ನಾನು ಅಜ್ಜಿಗೂ ಹೇಳುತ್ತಿರಲಿಲ್ಲ.

ಅವನ ಮೇಲೆ ಕನಿಕರ ತೋರಿಸು ಅಂತ ನಾನು ಹೇಳುವುದಿಲ್ಲ. ನನಗೆ ಅಂಥವರ ಮೇಲೆ ಕನಿಕರ ಇಲ್ಲ, ಬರುವುದೂ ಇಲ್ಲ. ನಿನ್ನ ಮಗಳನ್ನು ಕೂರಿಸಿಕೊಂಡು ಹೇಳು: ‘ಯಾರೇ ಆಗಲಿ, ಮಾವ ಆಗಲಿ, ತಾತ ಆಗಲಿ, ಮೇಷ್ಟ್ರು ಆಗಲಿ, ಅಮ್ಮನಿಗೆ ಹೇಳಬೇಡ ಅಂದರೆ, ಅದನ್ನೇ ಮೊದಲು ನನಗೆ ಹೇಳು. ನಾನು ಬೈಯಲ್ಲ.’ ನನ್ನ ಮಗಳಿಗೆ ನಾನು ಇದನ್ನು ಹೇಳಿಕೊಂಡೇ ಬೆಳೆಸಿದೆ. ಅವಳು ಒಂದು ಸಲ ಹೇಳಿದಳು ಕೂಡ. ಟ್ಯೂಷನ್ ಬಿಡಿಸಿದೆ, ಆ ಮನುಷ್ಯನ ಮೇಲೆ ದೂರು ಕೊಟ್ಟೆ.

– ಕೋಲಾರ ಜಿಲ್ಲೆಯ ಓದುಗರು

* * *

ಇವರಿಗೆ ನಾವು ಬೇರೆಯಾಗಿ ಬರೆದಿದ್ದೇವೆ. ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ಇರುತ್ತದೆ. ಮಕ್ಕಳೇ ಕರೆ ಮಾಡಬಹುದು. – ಸಂ.

* * *

ಎಲ್ಲರೂ ಅವನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಮಗು ಈಗ ಎಲ್ಲಿದೆ, ಶಾಲೆಗೆ ಹೋಗುತ್ತಿದೆಯಾ, ಪರಿಹಾರದ ದುಡ್ಡು ಅದರ ಕೈಗೆ ಬಂತಾ? ನಿಮ್ಮ ಬೀದಿಯಲ್ಲಿ ಒಬ್ಬರಾದರೂ ವಿಚಾರಿಸಿದ್ದೀರಾ?

– ಅಂಗನವಾಡಿ ಕಾರ್ಯಕರ್ತೆ, ಬಾಗೇಪಲ್ಲಿ

* * *

ನಾನು ಖಾಸಗಿ ಶಾಲೆಯೊಂದರ ಆಡಳಿತ ನೋಡಿಕೊಳ್ಳುತ್ತೇನೆ. ಪಟ್ಟಿಯನ್ನು ಬೀದಿಗೆ ತೋರಿಸಬೇಕಾಗಿಲ್ಲ. ಮಕ್ಕಳ ಹತ್ತಿರ ಕೆಲಸ ಕೊಡುವವರು ಕೇಳಿದಾಗ ಪೊಲೀಸರು ಪಟ್ಟಿ ನೋಡಿ ಉತ್ತರ ಕೊಡಬೇಕು. 2020ರ ಪೋಕ್ಸೊ ನಿಯಮಗಳಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ಶಾಲೆ, ಶಿಶುವಿಹಾರ, ಕ್ರೀಡಾ ತರಬೇತಿ ಕೇಂದ್ರ, ಎಲ್ಲ ಕಡೆ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಬೇಕು. ಅದೂ ಆಗಾಗ ಆಗುತ್ತಿರಬೇಕು.

ನಡೆಯುವುದು ಬೇರೆ. ಟೀಚರುಗಳದ್ದು ಮಾಡಿಸುತ್ತಾರೆ. ವ್ಯಾನ್ ಡ್ರೈವರ್ ರಜೆ ಹಾಕಿದ ದಿನ ಬರುವ ಅವನ ಭಾಮೈದನದ್ದು? ಭಾನುವಾರದ ಕರಾಟೆ ಮಾಸ್ಟರದ್ದು? ಡ್ಯಾನ್ಸ್ ಕ್ಲಾಸಿನವರದ್ದು? ತಂದೆ ತಾಯಿ ಫೀಸು ಎಷ್ಟು ಅಂತ ಕೇಳುತ್ತಾರೆ. ವೆರಿಫಿಕೇಶನ್ ಪತ್ರ ತೋರಿಸಿ ಅಂತ ಕೇಳಿದವರನ್ನು ನಾನು ಕಂಡಿಲ್ಲ.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಬೀದಿಗಿಂತ ಆ ರೀಲಿಂಗ್ ಘಟಕದ್ದು. ಅಲ್ಲಿ ಕೆಲಸಕ್ಕೆ ಬರುವ ಹೆಂಗಸರು ರಜೆಯಲ್ಲಿ ಮಕ್ಕಳನ್ನೂ ಕರೆತರುತ್ತಾರೆ, ಅಲ್ವಾ? ಮಾಲೀಕರಿಗೆ ವಿಷಯ ಗೊತ್ತಿದೆಯಾ? ಇಬ್ಬರು ಹೋಗಿ ಅವರ ಹತ್ತಿರ ಮಾತ್ರ ಮಾತಾಡಿ. ಅವನ ಕೆಲಸ ಬಿಡಿಸಿ ಅನ್ನಬೇಡಿ. ಮಕ್ಕಳು ಒಳಗೆ ಬರದ ಹಾಗೆ ನೋಡಿಕೊಳ್ಳಿ ಅನ್ನಿ.

– ಶಾಲಾ ಆಡಳಿತಾಧಿಕಾರಿ, ಚಿಂತಾಮಣಿ

* * *

ಕೆಳಗಿನ ಪತ್ರ ಬರೆದವರು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಫ್ಲೆಕ್ಸ್ ಕಟ್ಟುವ ಹುಡುಗರಿಗೂ ಇದನ್ನು ಓದಿ ಹೇಳಿ ಎಂದು ಶಿಡ್ಲಘಟ್ಟದ ತಾಯಿಯನ್ನು ಕೇಳಿಕೊಳ್ಳುತ್ತೇವೆ. – ಸಂ.

* * *

ಪಟ್ಟಿ ಅಂದರೆ ಏನು ಅಂತ ನನಗೆ ಗೊತ್ತು. ರೌಡಿ ಶೀಟ್ ನೋಡಿಕೊಂಡೇ ಸರ್ವಿಸ್ ಮುಗಿಸಿದವನು. ಗಣೇಶನ ಹಬ್ಬಕ್ಕೆ, ಎಲೆಕ್ಷನ್ನಿಗೆ ಎಲ್ಲರನ್ನೂ ಸ್ಟೇಷನ್ನಿಗೆ ಕರೆಸಿ ಸಾಲಾಗಿ ನಿಲ್ಲಿಸುತ್ತಾರೆ. ಅದರಲ್ಲಿ ಎಂದೋ ಗಲಾಟೆ ಬಿಟ್ಟು ತರಕಾರಿ ಗಾಡಿ ಇಟ್ಟುಕೊಂಡವನೂ ಇರುತ್ತಾನೆ, ನಿನ್ನೆ ಚಾಕು ಹಾಕಿದವನೂ ಇರುತ್ತಾನೆ. ಹೆಸರು ಸೇರಿಸುವುದು ಸುಲಭ, ತೆಗೆಸುವುದು ಬಹಳ ಕಷ್ಟ. ಶೀಟ್ ಇದೆ ಅಂತ ಯಾರೂ ಹೆದರಿ ಕೆಟ್ಟ ಕೆಲಸ ಬಿಡುವುದಿಲ್ಲ. ಬೀಟ್ ಕಾನ್‌ಸ್ಟೆಬಲ್ ಮನೆ ಬಾಗಿಲಿಗೆ ಹೋಗಿ, ‘ಏನಪ್ಪಾ, ಕೆಲಸಕ್ಕೆ ಹೋಗ್ತಾ ಇದೀಯಾ? ಯಾರ ಸಹವಾಸ?’ ಅಂತ ಕೇಳಿಕೊಂಡು ಬಂದರೆ ಆಗ ಅದಕ್ಕೆ ಬೆಲೆ.

ಫ್ಲೆಕ್ಸ್ ಕಟ್ಟಿದ ಮರುದಿನ ಅವನು ಊರು ಬಿಡುತ್ತಾನೆ. ಯಾವ ಊರು ಸೇರಿದ ಅಂತ ನಿಮಗೂ ಗೊತ್ತಿರಲ್ಲ, ಸ್ಟೇಷನ್ನಿನವರಿಗೂ ಗೊತ್ತಿರಲ್ಲ. ಅಲ್ಲಿ ಅವನ ಪಕ್ಕದ ಮನೆಯ ಮಗುವಿಗೆ ಯಾರು ಕಾವಲು? ಈಗ ಅವನು ಇರುವ ಜಾಗ ಗೊತ್ತು. ಮನೆಯಲ್ಲಿ ತಾಯಿ ಇದ್ದಾಳೆ, ಕೈಯಲ್ಲಿ ಕೆಲಸ ಇದೆ. ಕಣ್ಣಿಡಲು ಇದಕ್ಕಿಂತ ಒಳ್ಳೆಯ ಜಾಗ ಪೊಲೀಸರಿಗೆ ಸಿಗುವುದಿಲ್ಲ.

ಅಮ್ಮಾ, ಬೀದಿಯ ಹೆಂಗಸರೆಲ್ಲ ಸೇರಿ ಸಬ್ ಇನ್‌ಸ್ಪೆಕ್ಟರಿಗೆ ಒಂದು ಅರ್ಜಿ ಬರೆಯಿರಿ. ನಮ್ಮ ಬೀದಿಯಲ್ಲಿ ಇಂಥ ಕೇಸಿನಲ್ಲಿ ಶಿಕ್ಷೆ ಮುಗಿಸಿದವನು ಇದ್ದಾನೆ, ಬೀಟ್‌ನವರು ತಪ್ಪದೆ ಬಂದು ಹೋಗಬೇಕು, ಶಾಲೆ ಬಿಡುವ ಹೊತ್ತಿಗೆ ಆ ಕಡೆ ಒಬ್ಬರು ಇರಬೇಕು ಅಂತ ಕೇಳಿ. ಅವನ ಬಗ್ಗೆ ಬೇರೆ ಏನೂ ಬರೆಯಬೇಡಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಬೀಟ್‌ನವರು ಬರಲಿಲ್ಲ ಅಂದರೆ ಅದೇ ಸ್ವೀಕೃತಿ ಹಿಡಿದು ಚಿಕ್ಕಬಳ್ಳಾಪುರದ ಎಸ್‌ಪಿ ಕಚೇರಿಗೆ ಹೋಗಿ.

– ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಮಧುಗಿರಿ